ಹಿಂದಲೆಯಲ್ಲಿ ಗೆರೆಯೋ, ಚುಕ್ಕಿಯೋ

ವಿಜಯನಗರದ ಒಂದು ಛತ್ರದಲ್ಲಿ ಮದುವೆಯೂಟದ ಎರಡನೇ ಪಂಕ್ತಿಗೆ ಕಾಯುತ್ತ ನಾನೂ ಅಪ್ಪನೂ ಅಕ್ಕಪಕ್ಕ ಕುಳಿತಿದ್ದೆವು. ಹೆಣ್ಣಿನ ಕಡೆಯ ಹಿರಿಯರೊಬ್ಬರು ಬಂದು ಅಪ್ಪನ ಕೈ ಹಿಡಿದು ಕುಶಲ ವಿಚಾರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಇವ್ರು ನಿಮ್ಮ ತಮ್ಮನವರಾ?" ಎಂದು ಕೇಳಿದರು. ಅಪ್ಪನಿಗೆ ಆಗ ಎಪ್ಪತ್ತನಾಲ್ಕು. ನನಗೆ ನಲವತ್ತೊಂದು. ಅಪ್ಪ ತಿದ್ದಬಹುದಿತ್ತು. "ಹೂಂ, ಕೊನೇ ತಮ್ಮ" ಎಂದು ಹೇಳಿ, ಎಲೆ ಹಾಕುವವರು ಬಂದರೇ ಎಂದು ಕತ್ತು ಚಾಚಿ ನೋಡತೊಡಗಿದರು. ಆ ದಿನದ ಹೋಳಿಗೆಯನ್ನು ನಾನು ಎಲೆಯಲ್ಲೇ ಬಿಟ್ಟು ಎದ್ದೆ.

ಆ ಹಿರಿಯರನ್ನು ಬೈದು ಪ್ರಯೋಜನವಿಲ್ಲ. ಅಪ್ಪನ ತಲೆಯಲ್ಲಿ ಬೆಳ್ಳಗಿನ, ಬಾಚಣಿಗೆಯ ಹಲ್ಲು ಮುರಿಯುವಷ್ಟು ದಟ್ಟವಾದ ಕೂದಲಿದೆ. ಜೇಬಿನಲ್ಲಿ ಸದಾ ಒಂದು ಚಿಕ್ಕ ಬಾಚಣಿಗೆ ಇರುತ್ತದೆ. ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ಅದೇ ಜೇಬಿಗೆ ನಾಲಿಗೆ ಕೆಳಗಿಡುವ ಮಾತ್ರೆಯ ಪಟ್ಟಿಯೂ ಸೇರಿತು. ಮಾತ್ರೆ ಮರೆತು ಮನೆಯಿಂದ ಹೊರಟದ್ದುಂಟು, ಬಾಚಣಿಗೆ ಮರೆತದ್ದಿಲ್ಲ. ನನ್ನ ತಲೆಯಾದರೋ ಅಮ್ಮನ ಅಪ್ಪನ ಕಡೆಯಿಂದ ಬಂದದ್ದು. ಮೂವತ್ತಕ್ಕೆ ಹಣೆ ಮೇಲಕ್ಕೆ ಹತ್ತಲು ಶುರುಮಾಡಿ, ನಲವತ್ತಕ್ಕೆ ನೆತ್ತಿ ದಾಟಿತ್ತು. ಉಳಿದದ್ದು ಕಿವಿಯಿಂದ ಕಿವಿಗೆ ಹಿಂದುಗಡೆ ಒಂದು ಅಂಚು. ನಾನು ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರು. ಬೋರ್ಡಿನ ಕಡೆ ತಿರುಗಿದಾಗ ಹಿಂದಿನ ಬೆಂಚಿನಿಂದ ಏನೇನು ಪಿಸುಮಾತು ಬರುತ್ತದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಪೂರ್ತಿ ಬೋಳಿಸಿಬಿಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಸಲೂನಿನವರೂ ಒಮ್ಮೆ ಅದನ್ನೇ ಹೇಳಿದ್ದರು. "ಎಲ್ಲಾ ಹೊಡೆದ್ಬಿಡೋಣ ಸಾರ್, ಈಗ ಅದೇ ಸ್ಟೈಲು." ಮನೆಗೆ ಬಂದು ಅದನ್ನು ತಮಾಷೆಗೆಂದು ಹೇಳಿದೆ. ಅಪ್ಪನ ಮುಖ ಕಪ್ಪಿಟ್ಟಿತು. "ಅಪ್ಪ ಬದುಕಿರೋವಾಗ ತಲೆ ಬೋಳಿಸ್ತಾರೇನೋ? ಬುದ್ಧಿ ಇದೆಯಾ ನಿಂಗೆ?" ಎಂದವರು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ನಮ್ಮ ಮನೆತನದಲ್ಲಿ ಗಂಡುಮಕ್ಕಳು ತಲೆ ಬೋಳಿಸುವುದು ದೇವರಿಗೆ ಹರಕೆ ಹೊತ್ತಾಗ, ಇಲ್ಲವೇ ಅಪ್ಪ ಅಮ್ಮ ತೀರಿಕೊಂಡಾಗ. ಸುಮ್ಮನೆ ಸ್ಟೈಲಿಗೆ ಬೋಳಿಸುವುದೆಂದರೆ ಹೆತ್ತವರ ಸಾವನ್ನು ಮನೆಗೆ ಕರೆದ ಹಾಗೆ. ಆದ್ದರಿಂದ ಆ ದಾರಿ ಮುಚ್ಚಿತ್ತು.

ಛತ್ರದ ಆ ಘಟನೆಯ ಮೇಲೆ ನಾನು ಕೂದಲು ಕಸಿಯ ವಿಚಾರಕ್ಕೆ ಬಿದ್ದೆ. ಬಿದ್ದೆ ಎಂದರೆ ಪೂರ್ತಿ ಬಿದ್ದೆ. ಫೋನಿನಲ್ಲಿ ಊರಿನವರ ತಲೆಗಳೆಲ್ಲ "ಮೊದಲು", "ನಂತರ" ಎಂದು ಜೋಡಿಜೋಡಿಯಾಗಿ ಬರತೊಡಗಿದವು. ಇದನ್ನು ನೋಡಿದ ನನ್ನ ಹೆಂಡತಿ, "ಮಹಡಿ ಮೇಲಿನವರನ್ನ ಕೇಳಿ, ಅವ್ರದ್ದೂ ನೆಟ್ಟಿದ್ದೇ" ಎಂದಳು. ಬಸವೇಶ್ವರನಗರದ ನಮ್ಮ ಮನೆಯ ಮೇಲಿನ ಭಾಗದಲ್ಲಿ ಹಾವೇರಿ ಕಡೆಯ ಸರ್ಕಾರಿ ಅಧಿಕಾರಿಯೊಬ್ಬರು ಐದು ವರ್ಷದಿಂದ ಬಾಡಿಗೆಗಿದ್ದಾರೆ. ಅವರ ಸೊಂಪಾದ ಕ್ರಾಪು ಹುಟ್ಟಿನಿಂದ ಬಂದದ್ದೆಂದೇ ಐದು ವರ್ಷ ನಂಬಿ ಹೊಟ್ಟೆ ಉರಿದುಕೊಂಡಿದ್ದೆ. ನನ್ನ ಹೆಂಡತಿಗೆ ಮಾತ್ರ ಮೊದಲ ವಾರವೇ ಗೊತ್ತಾಗಿತ್ತಂತೆ. ಹೆಂಗಸರು ಇಂಥದ್ದನ್ನೆಲ್ಲ ಹೇಗೆ ಪತ್ತೆ ಹಚ್ಚುತ್ತಾರೋ ಕಾಣೆ.

ಅವರು ಸಂಕೋಚವೇ ಇಲ್ಲದೆ ಬೆನ್ನು ತಿರುಗಿಸಿ ಕುಳಿತು, ಎರಡೂ ಕೈಯಿಂದ ಹಿಂದಿನ ಕೂದಲನ್ನು ಎತ್ತಿ ತೋರಿಸಿದರು. ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಪೆನ್ಸಿಲಿನಲ್ಲಿ ಎಳೆದಂಥ ಬಿಳಿ ಗೆರೆ. "ಇಲ್ಲಿಂದ ಒಂದು ಪಟ್ಟಿ ಚರ್ಮ ಕೊಯ್ದು ತಗೀತಾರ್ರೀ. ಹೊಲಿಗಿ ಹಾಕ್ತಾರ. ಆ ಪಟ್ಟಿಯೊಳಗಿನ ಕೂದಲಾ ಬಿಡಿಸಿ ಬಿಡಿಸಿ ಮುಂದ ನೆಡ್ತಾರ. ಮ್ಯಾಲಿನ ಕೂದಲಾ ಬಿಟ್ರ ಗೆರಿ ಯಾರಿಗೂ ಕಾಣಂಗಿಲ್ಲ" ಎಂದರು. ತಲೆ ಬೋಳಿಸಬೇಕಾ ಎಂದು ಕೇಳಿದೆ. "ಏನೂ ಇಲ್ರೀ. ಪಟ್ಟಿ ತಗಿಯೂ ಜಾಗಾ ಅಷ್ಟ ಕತ್ತರಸ್ತಾರ. ಮರುವಾರನ ಆಫೀಸಿಗೆ ಹೋದೆ." ನನಗೆ ಅಷ್ಟೇ ಸಾಕಾಯಿತು. ಬೋಳಿಸಬೇಕಿಲ್ಲ ಎಂದರೆ ಅಪ್ಪನ ತಕರಾರೂ ಇರುವುದಿಲ್ಲ.

ರಾಜಾಜಿನಗರದಲ್ಲಿ ಇದೇ ಪಟ್ಟಿ ವಿಧಾನದಲ್ಲಿ ಪಳಗಿದ ಡಾಕ್ಟರೊಬ್ಬರಿದ್ದರು. ಮೃದು ಮಾತಿನ ಮನುಷ್ಯ. ಹಿಂದಲೆಯ ಕೂದಲು ಜನ್ಮತಃ ಹಟಮಾರಿ, ಅದನ್ನು ಎಲ್ಲಿ ನೆಟ್ಟರೂ ತನ್ನ ಹಟ ಬಿಡುವುದಿಲ್ಲ, ಆದ್ದರಿಂದಲೇ ಈ ಕಸಿ ನಿಲ್ಲುತ್ತದೆ ಎಂದು ತಿಳಿಸಿ ಹೇಳಿದರು. ನನ್ನ ಹಿಂದಲೆಯನ್ನು ಹಿಸುಕಿ, ಎಳೆದು, "ಚರ್ಮ ಚೆನ್ನಾಗಿ ಬರುತ್ತೆ, ತೊಂದ್ರೆ ಇಲ್ಲ" ಎಂದರು. ಕೊನೆಗೆ ಫಾರಂ ತುಂಬುತ್ತ ಕೇಳಿದರು: "ಮುಂದೆ ಯಾವತ್ತಾದ್ರೂ ತಲೆ ಪೂರ್ತಿ ಶೇವ್ ಮಾಡಿಸೋ ಸಂದರ್ಭ ಬರಬಹುದಾ ಸಾರ್? ಯಾಕಂದ್ರೆ ಆಗ ಗೆರೆ ಕಾಣುತ್ತೆ."

"ಛೇ ಛೇ, ಇಲ್ಲ" ಎಂದೆ.

ಸ್ಕೂಟರ್ ಹತ್ತಿ ಎರಡು ಸಿಗ್ನಲ್ ದಾಟುವವರೆಗೆ ಖುಷಿಯಾಗಿಯೇ ಇದ್ದೆ. ಮೂರನೇ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಆಗ ಹೊಳೆಯಿತು. ಇಲ್ಲ ಎಂದು ಹೇಗೆ ಹೇಳಿದೆ? ನಾನು ಒಬ್ಬನೇ ಮಗ. ಆ ಸಂದರ್ಭ ಬಂದೇ ಬರುತ್ತದೆ. ಜೇಬಿನಲ್ಲಿ ಬಾಚಣಿಗೆ ಇಟ್ಟುಕೊಂಡು ಆ ಸಂದರ್ಭ ಮನೆಯಲ್ಲೇ ಕೂತಿದೆ. ಅವತ್ತು ತಿಥಿಗೆ ಬಂದ ನೆಂಟರೆಲ್ಲ ನನ್ನ ಹಿಂದೆ ಸಾಲಾಗಿ ಕೂತು, ಬೋಳು ತಲೆಯ ಮೇಲಿನ ಆ ಉದ್ದ ಗೆರೆಯನ್ನು ನೋಡಿ ಏನು ಮಾತಾಡಿಕೊಳ್ಳಬಹುದು ಎಂಬುದು ಮೊದಲು ಮನಸ್ಸಿಗೆ ಬಂತು. ಅಪ್ಪನ ಸಾವಿನ ಯೋಚನೆ ಬಂದಾಗಲೂ ನನ್ನ ತಲೆಯ ಯೋಚನೆಯೇ ಮುಂದೆ ನಿಂತಿತಲ್ಲ ಎಂದು ಆಮೇಲೆ ನಾಚಿಕೆಯಾಯಿತು. ಹಿಂದಿನ ಆಟೋದವರು ಹಾರ್ನ್ ಹೊಡೆದು, "ಏನಣ್ಣ, ಗಾಡಿ ತಗೀರಿ" ಎಂದು ರೇಗಿದರು.

ನಾನು ಮನೆಗೆ ಬಂದಾಗ ಅಪ್ಪ ಗೇಟಿನ ಪಕ್ಕ, ಗೋಡೆಗೆ ಬಿಗಿದ ತಮ್ಮ ಬೆಂಚ್ ವೈಸಿಗೆ ಈಳಿಗೆಮಣೆಯ ಅಲಗನ್ನು ಕಚ್ಚಿಸಿ ಅರ ಹಾಕುತ್ತಿದ್ದರು. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಮೂವತ್ತಾರು ವರ್ಷ ಲೇತ್ ಓಡಿಸಿದ ಟರ್ನರ್ ಅವರು. ಕಬ್ಬಿಣ ಮುಟ್ಟದೆ ದಿನ ಕಳೆಯಲಾರರು. "ಏನಂದ್ರು ಡಾಕ್ಟ್ರು?" ಎಂದರು. "ನೋಡೋಣ ಅಂದ್ರು" ಎಂದು ಹೇಳಿ ಒಳಗೆ ಹೋದೆ. ಒಂದು ವಾರ ಅವರ ಕಣ್ಣು ತಪ್ಪಿಸಿಕೊಂಡೇ ಓಡಾಡಿದೆ.

ಮಹಡಿಯವರಿಗೆ ಈ ಚಿಂತೆ ಹೇಗೆ ಬಂದಿರಲಿಲ್ಲ ಎಂದು ಹೋಗಿ ಕೇಳಿದೆ. ಅವರು ಲಿಂಗ ಕಟ್ಟಿಕೊಂಡ ಮನೆತನದವರು. "ನಮ್ಮಲ್ಲಿ ತೆಲಿ ಬೋಳಸೂ ಪದ್ಧತಿನ ಇಲ್ಲಲ್ರೀ!" ಎಂದರು. ನನ್ನ ಮುಖ ನೋಡಿ ದನಿ ತಗ್ಗಿಸಿ, "ಹೌದಲ್ಲ, ನಿಮ್ಮಲ್ಲಿ ಐತಿ" ಎಂದು ಒಂದು ತಟ್ಟೆ ಚುರುಮುರಿ ಮುಂದಿಟ್ಟರು.

ವಿಷಯ ಹೆಂಡತಿಗೆ ಹೇಳಿದ್ದೇ ತಪ್ಪಾಯಿತು. ಅವಳಿಗೆ ಮನೆಯಲ್ಲಿ ಮುಚ್ಚುಮರೆ ಎಂದರೆ ಆಗದು. ಭಾನುವಾರದ ಊಟಕ್ಕೆ ಬಡಿಸುತ್ತ, "ಮಾವ, ನಿಮ್ಮ ಮಗನಿಗೆ ನಿಮ್ಮ ತಿಥಿ ಚಿಂತೆ ಹತ್ತಿದೆ, ವಿಚಾರಿಸಿ" ಎಂದುಬಿಟ್ಟಳು. ನನ್ನ ಕೈಯ ಮುದ್ದೆ ಕೈಯಲ್ಲೇ ಉಳಿಯಿತು. ಗೆರೆಯ ಕಥೆಯನ್ನು ಅವಳೇ ವಿವರವಾಗಿ ಹೇಳಿದಳು. ಅಪ್ಪ ಸಿಟ್ಟಾಗುತ್ತಾರೆಂದು ತಲೆ ತಗ್ಗಿಸಿ ಕೂತೆ. ಅವರು ಸಾರಿನಲ್ಲಿ ಮುದ್ದೆ ಹೊರಳಿಸಿ ನುಂಗಿದರು.

"ನಂಗೂ ಆ ಯೋಚ್ನೆ ಇತ್ತು ಕಣೋ" ಎಂದರು. "ನಿಮ್ಮಮ್ಮ ಹೋದಾಗ ನಿಂಗೆ ಇಪ್ಪತ್ಮೂರು. ತಲೆ ತುಂಬ ಇತ್ತು. ಆ ಕ್ಷೌರದವನು ಬೋಳಿಸಿ ಬೋಳಿಸಿ ಹಾಕಿದ, ಒಂದು ಮೊರದಷ್ಟಾಯ್ತು. ನಾನು ಪಕ್ಕದಲ್ಲೇ ನಿಂತು ನೋಡ್ತಿದ್ದೆ. ನಿಮ್ಮಮ್ಮನಿಗೆ ಅಷ್ಟು ಕೊಟ್ಟೆ. ನನ್ನ ಸರದಿ ಬಂದಾಗ ಏನಿದೆ ನಿನ್ನ ಹತ್ರ? ಆ ಹಿಂದಿನ ಅಂಚು. ಎರಡು ನಿಮಿಷದ ಕೆಲ್ಸ."

ಹೆಂಡತಿ ಸೌಟು ಹಿಡಿದುಕೊಂಡೇ ನಗತೊಡಗಿದಳು. ಅಪ್ಪನೂ ನಕ್ಕರು. ನಾನು ನಗಲು ಹೋದೆ, ಆಗಲಿಲ್ಲ. ಹನ್ನೊಂದು ವರ್ಷ ಈ ಮನುಷ್ಯ ನನ್ನ ತಲೆ ಬರಿದಾಗುವುದನ್ನು ನೋಡುತ್ತ, ಮನಸ್ಸಿನಲ್ಲಿ ಈ ಲೆಕ್ಕ ಇಟ್ಟುಕೊಂಡಿದ್ದರು ಎಂದು ನನಗೆ ಗೊತ್ತೇ ಇರಲಿಲ್ಲ. ಅಷ್ಟು ಹೊತ್ತು ನನ್ನ ಚಂದಕ್ಕೆಂದು ಇದ್ದ ಕೂದಲು ಆಗ ಬೇರೆಯೇ ಆಯಿತು, ಅವರಿಗೆ ಸಲ್ಲಬೇಕಾದ ಬಾಕಿಯಾಯಿತು. "ಬೇರೆ ವಿಧಾನನೂ ಇದೆಯಪ್ಪ. ಅದ್ರಲ್ಲಿ ಗೆರೆ ಬರಲ್ವಂತೆ" ಎಂದೆ. "ಹಾಗಾದ್ರೆ ನಾನೂ ಬರ್ತೀನಿ, ನೋಡೋಣ" ಎಂದರು.

ಚಂದ್ರಾ ಲೇಔಟಿನ ಆ ಕ್ಲಿನಿಕ್ಕಿಗೆ ಅಪ್ಪ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಸ್ಕೂಟರಿನ ಹಿಂದೆ ಕೂತು ಬಂದರು. ಡಾಕ್ಟರು ಚುರುಕಾದ ಹೆಂಗಸು. ಇಬ್ಬರನ್ನೂ ಕೂರಿಸಿ, ಅಪ್ಪನ ತಲೆಯನ್ನೂ ನನ್ನ ತಲೆಯನ್ನೂ ನೋಡಿ, "ಪೇಷಂಟ್ ಯಾರು ಅಂತ ಕೇಳಲ್ಲ ಬಿಡಿ" ಎಂದರು. ಈ ವಿಧಾನದಲ್ಲಿ ಪಟ್ಟಿ ಕೊಯ್ಯುವುದಿಲ್ಲ. ಮೋಟರಿಗೆ ಸಿಕ್ಕಿಸಿದ ಸಣ್ಣ ಟೊಳ್ಳು ಕೊಳವೆಯಿಂದ ಒಂದೊಂದೇ ಕೂದಲ ಬುಡವನ್ನು ಸುತ್ತ ಕೊರೆದು ಹೊರತೆಗೆಯುತ್ತಾರೆ. ಗೆರೆಯ ಬದಲು ಚುಕ್ಕಿಗಳು ಉಳಿಯುತ್ತವೆ, ಮಾಗಿದ ಮೇಲೆ ಬೋಳಿಸಿದರೂ ಹತ್ತಿರ ಬಂದು ಹುಡುಕದ ಹೊರತು ಕಾಣುವುದಿಲ್ಲ.

ಅಪ್ಪ ಕುರ್ಚಿಯ ತುದಿಗೆ ಬಂದರು. "ಬಿಟ್ ಸೈಜು ಎಷ್ಟಮ್ಮ?"

ಡಾಕ್ಟರು ತಬ್ಬಿಬ್ಬಾದರು. "ಹಾಂ? ಓ, ಪಂಚಾ? ಒಂದು ಎಂ.ಎಂ.ಗಿಂತ ಸ್ವಲ್ಪ ಕಡಿಮೆ ಸಾರ್."

"ಸ್ಪೀಡು? ಜಾಸ್ತಿ ಆದ್ರೆ ಬಿಸಿ ಆಗಿ ಬುಡ ಸುಟ್ಟುಹೋಗಲ್ವಾ?"

ಡಾಕ್ಟರಿಗೆ ಇಷ್ಟು ಒಳ್ಳೆಯ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲವಂತೆ. ಒಳಗಿನಿಂದ ಆ ಯಂತ್ರವನ್ನೇ ತಂದು ಅಪ್ಪನ ಕೈಗಿಟ್ಟರು. ಅಪ್ಪ ಕನ್ನಡಕ ಹಣೆಗೇರಿಸಿ, ಅದರ ತುದಿಯನ್ನು ಬೆಳಕಿಗೆ ಹಿಡಿದು, ಹರಿತ ನೋಡಿ, ತಲೆದೂಗಿದರು. ಅರ್ಧ ಗಂಟೆ ಅವರಿಬ್ಬರೇ ಮಾತಾಡಿದರು. ಕೊರೆಯುವ ಕೋನ ತಪ್ಪಿದರೆ ಬುಡ ತುಂಡಾಗುತ್ತದೆ, ಒಂದೇ ಕಡೆ ಹತ್ತಿರ ಹತ್ತಿರ ಕೊರೆದರೆ ಅಲ್ಲಿ ಬೋಳು ತೇಪೆ ಕಾಣುತ್ತದೆ ಎಂದೆಲ್ಲ. ನೆಡುವ ಕೆಲಸ ಎರಡೂ ವಿಧಾನದಲ್ಲಿ ಹೆಚ್ಚುಕಡಿಮೆ ಒಂದೇ, ವ್ಯತ್ಯಾಸವೆಲ್ಲ ಕೀಳುವುದರಲ್ಲೇ. ಪಟ್ಟಿ ವಿಧಾನದಲ್ಲಿ ಒಮ್ಮೆಗೇ ಬಹಳ ಬುಡ ಸಿಗುತ್ತವೆ, ಬೇಗ ಮುಗಿಯುತ್ತದೆ, ಅದನ್ನು ಕೀಳಾಗಿ ಕಾಣಬೇಡಿ ಎಂದೂ ಡಾಕ್ಟರು ನ್ಯಾಯವಾಗಿ ಹೇಳಿದರು. ಅಪ್ಪ ತಮ್ಮ ತೀರ್ಪು ಕೊಟ್ಟರು: "ಅದು ಪೀಸ್ ಕಟ್ ಮಾಡಿ ವೆಲ್ಡ್ ಹೊಡೆದ ಹಾಗೆ. ಎಷ್ಟು ಉಜ್ಜಿದ್ರೂ ಜಾಯಿಂಟ್ ಗೊತ್ತಾಗತ್ತೆ. ಇದು ಡ್ರಿಲ್ಲಿಂಗು. ಅಂತರ ಸರಿಯಾಗಿ ಕಾಯ್ಕೊಂಡ್ರೆ ಆಯ್ತು."

ಆಗ ಡಾಕ್ಟರು ಹೇಳಿದರು, "ಒಂದೇ ವಿಷಯ ಸಾರ್. ಇದಕ್ಕೆ ಮೊದಲೇ ತಲೆ ಪೂರ್ತಿ ಸಣ್ಣಗೆ ಬೋಳಿಸ್ಬೇಕಾಗುತ್ತೆ. ಇಲ್ಲಾಂದ್ರೆ ಕೊರೆಯೋಕಾಗಲ್ಲ."

ಅಪ್ಪ ಯಂತ್ರವನ್ನು ಮೇಜಿನ ಮೇಲಿಟ್ಟರು. ನಾನು ಅವರ ಮುಖ ನೋಡಲಿಲ್ಲ. ಪಟ್ಟಿ ವಿಧಾನವಾದರೆ ಈಗ ಬೋಳಿಸಬೇಕಿಲ್ಲ, ಅವರು ಹೋದ ದಿನ ಗೆರೆ ಕಾಣುತ್ತದೆ. ಕೊರೆಯುವ ವಿಧಾನವಾದರೆ ಅವರು ಹೋದ ದಿನ ತಲೆ ಚೊಕ್ಕಟವಾಗಿರುತ್ತದೆ, ಆದರೆ ಅವರು ಬದುಕಿರುವಾಗಲೇ ಬೋಳಿಸಬೇಕು. ಗಣಿತ ಮೇಷ್ಟ್ರಾದ ನನಗೇ ಉತ್ತರ ಇಲ್ಲದ ಲೆಕ್ಕ ಇದು. "ಯೋಚನೆ ಮಾಡಿ ಬರ್ತೀವಿ" ಎಂದು ಎದ್ದೆವು.

ಎದುರಿನ ದರ್ಶಿನಿಯಲ್ಲಿ ಬೈ ಟೂ ಕಾಫಿ ತೆಗೆದುಕೊಂಡು ನಿಂತೆವು. ಅಪ್ಪ ಲೋಟವನ್ನು ತಿರುಗಿಸುತ್ತಲೇ ಇದ್ದರು, ಕುಡಿಯುತ್ತಿರಲಿಲ್ಲ. "ಬಿಡಿ ಅಪ್ಪ, ಇದೇನು ಅಗತ್ಯದ ಕೆಲಸ ಅಲ್ಲ" ಎಂದೆ.

"ಬೋಳಿಸ್ಕೊ" ಎಂದರು.

"ಬೇಡ ಅಪ್ಪ."

"ಬೋಳಿಸ್ಕೊ ಅಂದೆ. ನಾನಿರೋವಾಗಲೇ ಬೋಳಿಸ್ಕೊ. ಹೆಂಗೂ ಆವತ್ತು ನಿನ್ನನ್ನ ನೋಡೋಕೆ ನನ್ನಿಂದಾಗಲ್ಲ. ಈಗ್ಲೇ ನೋಡ್ಬಿಡ್ತೀನಿ."

ಪಕ್ಕದಲ್ಲಿ ಯಾರೋ ಖಾಲಿ ದೋಸೆಗೆ ಚಟ್ನಿ ಸಾಲದೆಂದು ಜಗಳ ತೆಗೆದಿದ್ದರು. ನನಗೆ ಅದೇ ಅನುಕೂಲವಾಯಿತು, ಆ ಕಡೆ ನೋಡುತ್ತ ನಿಂತೆ. ಅಳು ಬಂದಿತ್ತು. ಮುಖ ಸರಿಮಾಡಿಕೊಂಡು ತಿರುಗುವಷ್ಟರಲ್ಲಿ ಅಪ್ಪ ಕಾಫಿ ಮುಗಿಸಿ ಬಾಚಣಿಗೆ ತೆಗೆದಿದ್ದರು.

ದಿನ ಗೊತ್ತುಮಾಡಲು ಮತ್ತೆ ಒಳಗೆ ಹೋದಾಗ ಅಪ್ಪ ಇನ್ನೊಂದು ಪ್ರಶ್ನೆ ಕೇಳಿದರು. "ಪೂರ್ತಿ ಬೆಳೆಯೋಕೆ ಎಷ್ಟು ದಿನ ಬೇಕಮ್ಮ?" ಒಂದು ವರ್ಷ ಎಂದರು ಡಾಕ್ಟರು. ಮೊದಲ ಕೆಲವು ತಿಂಗಳಂತೂ ತಲೆಗೆ ಕತ್ತಿ ಮುಟ್ಟಿಸಲೇಬಾರದು. ಅಪ್ಪ ಬೆರಳು ಮಡಿಸಿ ಏನೋ ಎಣಿಸಿ, "ಆಯ್ತು. ಒಂದು ವರ್ಷ ತಾನೆ? ಅಲ್ಲೀತಂಕ ನಾನು ತಡ್ಕೋತೀನಿ" ಎಂದರು. ಡಾಕ್ಟರಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಡೈರಿಯಲ್ಲಿ ತಾರೀಖು ಬರೆಯಲು ಎರಡು ಸಲ ತಪ್ಪಿದರು.

ಬೇಸಿಗೆ ರಜೆಯಲ್ಲಿ ಕೆಲಸ ಮುಗಿಯಿತು. ಬೆಳಿಗ್ಗೆ ಟ್ರಿಮ್ಮರಿನಲ್ಲಿ ತಲೆ ಬೋಳಿಸಿದ ಮೇಲೆ, ಸೂಜಿ ಚುಚ್ಚುವ ಮೊದಲು, ಅಪ್ಪನನ್ನು ಒಳಗೆ ಕರೆದರು. ಬಂದು ಎದುರು ನಿಂತರು. ಮುಂದಿನಿಂದ ನೋಡಿದರು, ಸುತ್ತಿ ಬಂದು ಹಿಂದಿನಿಂದ ನೋಡಿದರು. ಸಾವಿನ ಮನೆಯಲ್ಲಿ ತಲೆಯ ಜೊತೆ ಮೀಸೆಯೂ ಹೋಗುತ್ತದೆ, ನಾನು ಅದನ್ನು ಯಾವತ್ತೂ ಬಿಟ್ಟವನಲ್ಲ, ಆದ್ದರಿಂದ ನೋಟ ಪೂರ್ತಿಯೇ ಆಗಿತ್ತು. "ನಿಮ್ಮಮ್ಮನಿಗೆ ಬೋಳಿಸಿದಾಗ ಸಣಕಲಿದ್ದೆ. ಈಗ ಪರ್ವಾಗಿಲ್ಲ, ಲಕ್ಷಣವಾಗಿದೀಯ" ಎಂದು ನನ್ನ ತಲೆಯ ಮೇಲೆ ಅಂಗೈ ಇಟ್ಟು ತೆಗೆದು ಹೊರಗೆ ಹೋದರು. ಆಮೇಲೆ ನೆತ್ತಿಗೆ ಚುಚ್ಚಿದ ಸೂಜಿಗಳೆಲ್ಲ ನನಗೆ ಉಪಕಾರವನ್ನೇ ಮಾಡಿದವು, ಕಣ್ಣೀರಿಗೆ ನೆಪ ಸಿಕ್ಕಿತು.

ಇನ್ನು ಮುಂದಿನದು ನನ್ನ ಪೆದ್ದುತನ. ಕಸಿಯಾದ ಮೂರನೆಯ ನಾಲ್ಕನೆಯ ದಿನ ಹಣೆಯ ಊತ ಕಣ್ಣಿಗಿಳಿಯುತ್ತದೆ ಎಂದು ಮೊದಲೇ ಹೇಳಿದ್ದರು. ಸರಿಯಾಗಿ ಇಳಿಯಿತು. ಎರಡೂ ಕಣ್ಣು ಬಾತು ಕೆಂಪಗಾದವು. ಅದೇ ದಿನ ಅಪ್ಪನಿಗೆ ನೆಗಡಿ. ದಿನಾ ಬೆಳಿಗ್ಗೆ ವಾಕಿಂಗ್ ಮುಗಿಸಿ ಹಾಲು ತರುವವರು ಅವರು. ಆವತ್ತು ಕ್ಲಿನಿಕ್ಕಿನವರು ಕೊಟ್ಟ ಸಡಿಲ ಬಟ್ಟೆಯ ಟೋಪಿ ಹಾಕಿಕೊಂಡು ನಾನೇ ಹೊರಟೆ. ಟೋಪಿಯ ಕೆಳಗೆ ಹಿಂದೆ ಮುಂದೆ ಎಲ್ಲ ಬೋಳು. ಹಾಲಿನ ಬೂತಿನ ಆಂಟಿ ನನ್ನನ್ನು ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡರು. ಕಸಿ ಮಾಡಿಸಿದ್ದು ಗೊತ್ತಾಗಿ ಆಡಿಕೊಳ್ಳುತ್ತಾರೆ ಎಂದು ಹೆದರಿ ನಾನು ತಲೆ ತಗ್ಗಿಸಿ, ಮಾತಾಡದೆ, ಹಾಲಿನ ಪ್ಯಾಕೆಟ್ ಹಿಡಿದು ಬಿರಬಿರನೆ ಬಂದೆ. ಬೋಳು ತಲೆ, ಅತ್ತ ಕಣ್ಣು, ಕಾಣದ ಅಪ್ಪ. ಆಂಟಿಗೆ ಇನ್ನೇನು ಬೇಕು?

ಒಂಬತ್ತು ಗಂಟೆಗೆ ಗೇಟಿನ ಸದ್ದಾಯಿತು. ಅಪ್ಪನ ವಾಕಿಂಗ್ ಗೆಳೆಯರು, ಹಳೆಯ ಕಾರ್ಖಾನೆಯ ಮೂವರು, ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು ಬರುತ್ತಿದ್ದರು. ಒಬ್ಬರ ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಸುಗಂಧರಾಜದ ಹಾರ. ಇನ್ನೊಬ್ಬರು ಕರ್ಚೀಫಿನಿಂದ ಮೂಗೊರೆಸುತ್ತಿದ್ದರು. ಬಾಗಿಲು ತೆಗೆದದ್ದು ಅಪ್ಪ. ಬನಿಯನ್ನು, ಪಂಚೆ, ಕುತ್ತಿಗೆಗೆ ಸುತ್ತಿದ ಟವೆಲ್ಲು.

ಮೂವರೂ ಮೆಟ್ಟಿಲ ಕೆಳಗೇ ನಿಂತುಬಿಟ್ಟರು. ಕೊನೆಗೆ ಅಪ್ಪನೇ, "ಯಾರ್ಗಯ್ಯಾ ಹಾರ?" ಎಂದರು.

ಹಾರ ಹಿಡಿದವರು ಹಾರ ನೋಡಿದರು, ಅಪ್ಪನನ್ನು ನೋಡಿದರು, ಅಪ್ಪನ ಹಿಂದೆ ನಿಂತ ನನ್ನ ತಲೆ ನೋಡಿದರು. "ನೀನು… ಅಲ್ಲ, ಇವನು…" ಎಂದವರು ಮೆಟ್ಟಿಲ ಮೇಲೆ ಕುಸಿದು ಕೂತು ಅಳತೊಡಗಿದರು. ಸಂತೋಷಕ್ಕೋ ಗಾಬರಿಗೋ ಅವರಿಗೇ ತಿಳಿದಿರಲಿಕ್ಕಿಲ್ಲ. ಅಪ್ಪನಿಗೆ ವಿಷಯ ಹೊಳೆದದ್ದೇ ತಡ, ಬಾಗಿಲ ಚೌಕಟ್ಟು ಹಿಡಿದು ನಗಲು ಶುರುಮಾಡಿದರು. ನೆಗಡಿಯ ಕೆಮ್ಮು, ನಗು, ಮತ್ತೆ ಕೆಮ್ಮು. ನನ್ನ ಹೆಂಡತಿ ಮಾತ್ರೆಯ ಪಟ್ಟಿ ಹಿಡಿದು ಓಡಿ ಬಂದಳು.

ಕಾಫಿ ಆಯಿತು. ನನ್ನ ಗುಟ್ಟೂ ಬಯಲಾಯಿತು. ಟೋಪಿ ತೆಗೆಸಿ ಮೂವರೂ ನನ್ನ ತಲೆಯ ಮೇಲೆ ಬಗ್ಗಿದರು. ಅಪ್ಪ ನಡುವೆ ನಿಂತು ಬಿಟ್ ಸೈಜಿನಿಂದ ಹಿಡಿದು ಎಲ್ಲ ವಿವರಿಸಿದರು. "ಪಿಚ್ ಎಲ್ಲಾ ಕಡೆ ಒಂದೇ ಇದೆ, ತೂತಿಂದ ತೂತಿಗೆ ಅಷ್ಟೇ ಅಂತರ, ಒಳ್ಳೆ ಕೆಲ್ಸಗಾರರು" ಎಂದು ಒಬ್ಬರು ಸರ್ಟಿಫಿಕೇಟು ಕೊಟ್ಟರು. ಹಾರವನ್ನು ದೇವರಿಗೆ ಹಾಕಲು ಹೆಂಡತಿ ಒಪ್ಪಲಿಲ್ಲ, ತಂದವರು ವಾಪಸು ಒಯ್ಯಲು ಒಪ್ಪಲಿಲ್ಲ. "ಸ್ಕೂಟರಿಗೆ ಹಾಕು" ಎಂದರು ಅಪ್ಪ. ಹಾಗೆ ನಮ್ಮ ಸ್ಕೂಟರಿಗೆ ಆಯುಧಪೂಜೆಯಲ್ಲದ ದಿನವೂ ಹಾರ ಬಿತ್ತು.

ಅವರೆಲ್ಲ ಹೋದ ಮೇಲೆ ಅಪ್ಪ ಒಂದು ವಿಷಯಕ್ಕೆ ಮಾತ್ರ ಬೇಜಾರು ಮಾಡಿಕೊಂಡರು. ಪಾರ್ಕಿನ ಗುಂಪಿನಲ್ಲಿ ನಾಲ್ವರು. "ಮೂರೇ ಜನ ಬಂದ್ರು ನೋಡು. ಆರ್‌ಪಿಸಿ ಲೇಔಟಿನವನು ಬರ್ಲಿಲ್ಲ. ಅವನ ಮಗಳ ಮದ್ವೇಲಿ ಮೂರು ದಿನ ದುಡಿದಿದೀನಿ ನಾನು." ಸಂಜೆ ಆ ನಾಲ್ಕನೆಯವರು ಏದುಸಿರು ಬಿಡುತ್ತ ಬಂದು, ಊರಲ್ಲಿರಲಿಲ್ಲ ಎಂದು ಆಣೆ ಮಾಡಿ ಹೇಳುವವರೆಗೆ ಆ ಮುನಿಸು ಇತ್ತು.

ತಿಂಗಳಾಗುವಷ್ಟರಲ್ಲಿ ನೆಟ್ಟ ಕೂದಲೆಲ್ಲ ಉದುರಿತು. ಹೀಗೆ ಉದುರುತ್ತದೆ, ಬುಡ ಒಳಗಿರುತ್ತದೆ, ಮತ್ತೆ ಬರುತ್ತದೆ ಎಂದು ಡಾಕ್ಟರು ಹೇಳಿದ್ದರೂ ಅಪ್ಪನಿಗೆ ದಿಗಿಲು. ದಿನಾ ಬೆಳಿಗ್ಗೆ ನನ್ನನ್ನು ಗೇಟಿನ ಬೆಳಕಿಗೆ ಕರೆದು ನೋಡುವುದು, ತುಟಿ ಕಚ್ಚುವುದು. ನಾಲ್ಕನೆಯ ತಿಂಗಳು ನವಿರಾಗಿ ಮೊಳಕೆ ಕಂಡಾಗ ಅವರು ಪಾರ್ಕಿನ ನಾಲ್ವರಿಗೂ ಮಸಾಲೆ ದೋಸೆ ಕೊಡಿಸಿದರಂತೆ.

ಏಳನೆಯ ತಿಂಗಳು ಒಂದು ಬೆಳಿಗ್ಗೆ ಅವರಿಗೆ ಎದೆನೋವು ಬಂತು. ಆಟೋದಲ್ಲಿ ನನ್ನ ಭುಜಕ್ಕೊರಗಿ ಕೂತಿದ್ದರು, ಬೆವರಿದ್ದರು. ಮಾತ್ರೆ ನಾಲಿಗೆಯ ಕೆಳಗಿತ್ತು. ನನ್ನ ಕಡೆ ನೋಡಿ, ಅಸ್ಪಷ್ಟವಾಗಿ, "ಇನ್ನೂ ಐದು ತಿಂಗ್ಳಿದೆ ಕಣೋ" ಎಂದರು. ನನಗೆ ಆ ಕ್ಷಣ ನನ್ನ ತಲೆಯ ಮೇಲೆ ಬಂದ ಸಿಟ್ಟು ಇಷ್ಟಷ್ಟಲ್ಲ. ಈ ದರಿದ್ರ ಕೂದಲನ್ನು ಕಿತ್ತು ಬೀದಿಗೆಸೆದು, ಅವರನ್ನು ಉಳಿಸಿಕೊಟ್ಟರೆ ಸಾಕು ಎಂದು ದೇವರಿಗೆ ಹೇಳಿಕೊಂಡೆ. ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡು, ಹೃದಯದ್ದಲ್ಲ, ಹೊಟ್ಟೆಯ ಉರಿ ಎಂದು ಹೇಳಿ ಕಳುಹಿಸಿದರು. ಹಿಂದಿನ ದಿನ ಪಾರ್ಕಿನವರ ಜೊತೆ ಮೆಣಸಿನಕಾಯಿ ಬಜ್ಜಿ ತಿಂದಿದ್ದರಂತೆ.

ವರ್ಷ ತುಂಬಿತು. ಚಂದ್ರಾ ಲೇಔಟಿಗೆ ಕೊನೆಯ ಸಲ ಹೋಗಿ ತೋರಿಸಿ ಬಂದೆವು. ಅದಾದ ಮರುದಿನ ಭಾನುವಾರ. ಅಪ್ಪ ನನ್ನನ್ನು ಗೇಟಿನ ಪಕ್ಕ ಸ್ಟೂಲಿನ ಮೇಲೆ ಕೂರಿಸಿ, ಕೊಬ್ಬರಿ ಎಣ್ಣೆಯನ್ನು ಅಂಗೈಗೆ ಸುರಿದುಕೊಂಡು ನನ್ನ ತಲೆಗೆ ತಿಕ್ಕತೊಡಗಿದರು. ಹೀಗೆ ಅವರು ನನಗೆ ಎಣ್ಣೆ ಹಚ್ಚಿ ಮೂವತ್ತು ವರ್ಷದ ಮೇಲಾಗಿತ್ತು. ಬೆರಳುಗಳು ಈಗಲೂ ಒರಟು, ಬುಡಬುಡಕ್ಕೂ ಹೋಗಿ ಹಿಡಿದು ನೋಡುತ್ತಿದ್ದವು.

"ನಿಮ್ಮಮ್ಮನಿಗೆ ಕೊಟ್ಟಷ್ಟಿಲ್ಲ" ಎಂದರು. "ಆದ್ರೂ ಪರ್ವಾಗಿಲ್ಲ. ಈಗ ಕೊಡೋಕೆ ಅಂತ ಏನೋ ಇದೆ ನಿನ್ನ ಹತ್ರ. ಹೇಳಿದ್ನೋ ಇಲ್ವೋ, ಒಂದು ವರ್ಷ ತಡ್ಕೋತೀನಿ ಅಂತ? ತಡ್ಕೊಂಡೆ."

ಅವರ ದನಿಯಲ್ಲಿ ಕೆಲಸ ಮುಗಿಸಿ ಕೈ ತೊಳೆಯುವವರ ನೆಮ್ಮದಿಯಿತ್ತು. ನನಗೆ ಭಯವಾಯಿತು.

"ಎಲ್ಲಿ ಮುಗೀತು ಅಪ್ಪ? ಹಿಂದೆ ಸುಳಿ ಹತ್ರ ನೋಡಿ, ಇನ್ನೂ ಖಾಲಿ ಇದೆ" ಎಂದೆ. "ಅಲ್ಲಿಗೆ ಇನ್ನೊಂದ್ಸಲ ಮಾಡ್ಬೇಕಂತೆ. ಡಾಕ್ಟರಮ್ಮ ಹೇಳಿದಾರೆ. ಅದು ಬೆಳೆಯೋಕೆ ಮತ್ತೆ ಒಂದು ವರ್ಷ."

ಅಪ್ಪನ ಬೆರಳು ನನ್ನ ಸುಳಿಯ ಹತ್ತಿರ ನಿಂತಿತು. ಹೆಬ್ಬೆರಳು ತೋರುಬೆರಳು ಅಗಲಿಸಿ ಆ ಜಾಗವನ್ನು ಒಮ್ಮೆ ಅಳೆದರು. "ಅದೇ ಸೈಜಿನ ಬಿಟ್ಟಾ?"

"ಅದೇ."

"ಹೂಂ. ಹಾಗಾದ್ರೆ ಇನ್ನೊಂದು ವರ್ಷ ತಡ್ಕೋಬೇಕಾಗತ್ತೆ" ಎಂದರು. ಅಂಗೈಯಲ್ಲಿ ಉಳಿದ ಎಣ್ಣೆಯನ್ನು ತಮ್ಮ ತಲೆಗೆ ಸವರಿಕೊಂಡು, ಜೇಬಿನಿಂದ ಬಾಚಣಿಗೆ ತೆಗೆದು, ಮೊದಲು ನನ್ನ ತಲೆ ಬಾಚಿದರು, ಆಮೇಲೆ ತಮ್ಮದು.

ಡಾಕ್ಟರಮ್ಮ ಹಾಗೇನೂ ಹೇಳಿರಲಿಲ್ಲ. ಇಷ್ಟು ಸಾಕು, ಇನ್ನೇನೂ ಬೇಡ ಎಂದೇ ಹೇಳಿದ್ದರು. ಅವರು ಅದನ್ನು ಹೇಳುವಾಗ ಅಪ್ಪ ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು.